ಅತ್ತೆಯ ಸ್ಪೇನ್ ದೆವ್ವಗಳು

ನಮ್ಮ ಅತ್ತೆಗೆ ದೆವ್ವ ಬಡಿದಿದೆ ಎಂಬ ಸುದ್ದಿ ಬಂದಾಗ ನಾನು ಹೋಳಿಗೆ ತಟ್ಟುತ್ತಿದ್ದೆ. ತೀರಿಹೋದ ಹಿರಿಯರಿಗೆ ಎಡೆ ಇಡುವ ಅಮವಾಸ್ಯೆಯ ದಿನ. ನಮ್ಮ ಮನೆಯ ಹಿರಿಯರು ಉಂಡು ಹೋಗಿದ್ದರು, ನಾವೂ ಉಂಡಿದ್ದೆವು. ಓಣಿಯವರಿಗೆ ಹಂಚಲು ಉಳಿದ ಹೂರಣವನ್ನು ಕಣಕಕ್ಕೆ ತುಂಬುತ್ತಿದ್ದೆ. ಅಷ್ಟರಲ್ಲಿ ಅತ್ತೆಯ ನೆಗೆಣ್ಣಿಯ, ಅಂದರೆ ವಾರಗಿತ್ತಿಯ, ಹಿರಿ ಸೊಸೆ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು.

"ಅಕ್ಕಾರ, ಜಲ್ದಿ ಬರ್ರಿ. ನಿಮ್ಮ ಅತ್ತಿಗೆ ದೆವ್ವ ಬಡದೈತಿ. ಎಡಿ ಇಟ್ಟ ಕೋಣ್ಯಾಗ ಕುಂತು ಒಳಗಿಂದ ಅಗಳಿ ಹಾಕ್ಕೊಂಡಾರ. ಗಂಗಿಗೂ ಒಂದು ಎಡಿ ಇಡೂತನ ತೆಗಿಯೂದಿಲ್ಲ ಅಂತಾರ."

ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಅತ್ತೆಯನ್ನು ಬಡಿಯಲು ಹೋದ ದೆವ್ವದ ಗತಿ ಏನಾಗಿರಬಹುದು ಎಂಬ ಚಿಂತೆ ಮಾತ್ರ ಬಂತು. ಒಲೆ ಆರಿಸಿ, ಕೈಗಂಟಿದ ಹೂರಣವನ್ನು ತೊಳೆದುಕೊಂಡು ಹೊರಟೆ. ಅತ್ತೆಯ ಮನೆ ಎರಡು ಓಣಿ ಆಚೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ, ದೆವ್ವಕ್ಕೂ ನಮ್ಮ ಅತ್ತೆಗೂ ಇದ್ದ ಸ್ನೇಹ ಎಂಥದೆಂದು ಹೇಳಿಬಿಡುತ್ತೇನೆ.

ಅತ್ತೆ ಎಂದರೆ ನಮ್ಮ ಅಪ್ಪನ ತಂಗಿ. ನಮ್ಮ ಇಳಕಲ್ಲಿನಲ್ಲೇ ಸೀರೆ ನೇಯುವ ಮನೆಗೆ ಸೊಸೆಯಾಗಿ ಹೋದವಳು. ಗಂಡ ತೀರಿದ ಮೇಲೂ ನೆಗೆಣ್ಣಿಯ ಸಂಸಾರದ ಜೊತೆಗೇ ಇದ್ದು ಮಗ್ಗ ಬಿಡದೆ ನೇಯುತ್ತಿದ್ದಳು. ಗಂಗಿ ಅವಳ ಒಬ್ಬಳೇ ಮಗಳು. ನಾನು ಹುಟ್ಟುವ ಮೊದಲೇ, ಇನ್ನೂ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ಜ್ವರ ಬಂದು ಹೋಗಿದ್ದಳು. ಮದುವೆಯಾಗದೆ ಹೋದ ಮಕ್ಕಳನ್ನು ಹಿರಿಯರ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಆ ಮನೆಯಲ್ಲಿಲ್ಲ. ಹಾಗಾಗಿ ಅಮವಾಸ್ಯೆಯ ಎಡೆಯಲ್ಲಿ ಅಜ್ಜನಿಗೆ, ಮುತ್ತಜ್ಜನಿಗೆ, ಮುತ್ತಜ್ಜನ ಮೊದಲನೇ ಹೆಂಡತಿಗೆ ಸಹ ಎಲೆ ಇತ್ತು, ಗಂಗಿಗೆ ಇರಲಿಲ್ಲ.

ಇಳಕಲ್ಲಿನಲ್ಲಿ ಅತ್ತೆಯ ವಯಸ್ಸಿನವರೆಲ್ಲ ಪುರಾಣ ಕೇಳಲು ಮಠಕ್ಕೆ ಹೋದರೆ ಈಕೆ ಸ್ಪೇನ್ ದೇಶದ ದೆವ್ವದ ಸಿನಿಮಾ ನೋಡಲು ನಮ್ಮ ಮನೆಗೆ ಬರುತ್ತಿದ್ದಳು. ಇದಕ್ಕೆ ಕಾರಣ ಶ್ರಾವಣ ಮಾಸ ಎಂದರೆ ನೀವು ನಂಬಲಿಕ್ಕಿಲ್ಲ. ಒಂದು ಶ್ರಾವಣದಲ್ಲಿ ನಮ್ಮ ಮನೆಗೆ ಹೊಸದಾಗಿ ಡಿವಿಡಿ ಪ್ಲೇಯರ್ ಬಂದಿತ್ತು. ಮೊದಲು ದೇವಿಯ ಸಿನಿಮಾನೇ ಹಾಕಬೇಕೆಂದು ಹಟ ಹಿಡಿದು ಅತ್ತೆ ತಾನೇ ಅಂಗಡಿಗೆ ಹೋಗಿ ತಂದಳು. ಡಬ್ಬಿಯ ಮೇಲೆ ಸಿಂಹ, ತ್ರಿಶೂಲ ಎಲ್ಲ ಸರಿಯಾಗಿದ್ದವು. ಒಳಗಿನ ಡಿಸ್ಕ್ ಬೇರೆಯದು. ಅದು ನಮಗೇನು ಗೊತ್ತು? ಟಿವಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕೈಮುಗಿದು ಕುಳಿತೆವು.

ಬೂದಿ ಬಣ್ಣದ ಆಕಾಶ. ಅದರ ಕೆಳಗೆ ಕಲ್ಲಿನದೊಂದು ದೊಡ್ಡ ಮನೆ. ಕರಿ ಬಟ್ಟೆ ತೊಟ್ಟ ಹೆಣ್ಣುಮಗಳೊಬ್ಬಳು ಕಂದೀಲು ಹಿಡಿದು ಒಳಗೆ ನಡೆದಳು.

"ಯಾರೋ ಪರದೇಶದ ಶರಣಿ ಇರಬೇಕು," ಎಂದು ಅತ್ತೆ ನಮಸ್ಕಾರ ಮಾಡಿದಳು. ನಾನೂ ಮಾಡಿದೆ.

ಶರಣಿ ಒಂದೊಂದೇ ಬಾಗಿಲು ತೆರೆದಳು. ಹಾಡಿಲ್ಲ, ವಾದ್ಯವಿಲ್ಲ, ಬರೇ ಹಲಗೆ ಕಿರುಗುಟ್ಟುವ ಸದ್ದು. ಕೊನೆಯ ಬಾಗಿಲಿನಾಚೆ ಒಬ್ಬ ಪುಟ್ಟ ಹುಡುಗಿ ಬೆನ್ನು ತಿರುಗಿಸಿ ನಿಂತಿದ್ದಳು. ಹತ್ತಿರ ಹೋಗಿ ಮುಟ್ಟಬೇಕು, ಹುಡುಗಿ ಇಲ್ಲ. ನೆಲದ ಧೂಳಿನಲ್ಲಿ ಎರಡು ಸಣ್ಣ ಹೆಜ್ಜೆ ಮಾತ್ರ.

ನಾನು ದೇವರ ಕೋಣೆಗೆ ಓಡಿದೆ. ಅಲ್ಲಿಂದಲೇ, "ಅತ್ತಿ, ಬಂದ್ ಮಾಡು, ಅದು ದೇವಿ ಸಿನಿಮಾ ಅಲ್ಲ," ಎಂದೆ.

"ಊದಿನಕಡ್ಡಿ ಹಚ್ಚೇವಿ. ನಡುವ ಏಳಬಾರದು," ಎಂದಳು ಅತ್ತೆ.

ಮುಗಿದ ಮೇಲೆ ಬಂದು ನೋಡಿದರೆ ಅವಳ ಸೆರಗು ಕಣ್ಣೀರಿಗೆ ತೋಯ್ದಿತ್ತು. ಮರುದಿನ ಡಿಸ್ಕ್ ತಿರುಗಿ ಕೊಡಲು ಹೋದಾಗ ಅಂಗಡಿಯವನು, "ತಪ್ಪಾತ್ರಿ ಅಮ್ಮಾರ, ಅದು ದೆವ್ವದ್ದು," ಎಂದು ಕೈ ಹಿಸುಕಿಕೊಂಡನಂತೆ. "ತಪ್ಪು ಆಗ್ಲಿ ಬಿಡಪಾ. ಅಂಥಾದು ಇನ್ನೊಂದು ಐತೇನು?" ಎಂದು ಅತ್ತೆ ಕೇಳಿದಳಂತೆ. ಐತಿ ಎಂದನಂತೆ. ನನ್ನ ಗ್ರಹಚಾರ.

ಅದು ಸ್ಪೇನಿನದು ಎಂದು ಪತ್ತೆ ಮಾಡಿದವರು ನಮ್ಮ ಮನೆಯವರು. ಅವರು ಹೈಸ್ಕೂಲ್ ಮಾಸ್ತರರು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದುತ್ತಿದ್ದರು.

"ಸ್ಪೇನ್ ಎಲ್ಲಿ ಬರ್ತೈತಿ?" ಎಂದಳು ಅತ್ತೆ.

"ಮುಂಬೈ ದಾಟಿ, ಸಮುದ್ರ ದಾಟಿ, ಭಾಳ ದೂರ ಅತ್ತಿ."

"ಅಷ್ಟು ದೂರ ಇದ್ರೂ ಅಲ್ಲಿ ತಾಯಂದಿರು ನಮ್ಮಂಗೇ ಅದಾರ ನೋಡು."

ತಾಯಂದಿರು ಸರಿ, ಆದರೆ ಆ ಮನೆಗಳು ಅತ್ತೆಗೆ ಸೇರುತ್ತಿರಲಿಲ್ಲ. "ಇಷ್ಟು ಕೋಣಿ ಯಾಕ? ಕಸಾ ಹೊಡಿಯೂರು ಯಾರು? ಅದಕ್ಕ ಧೂಳು ಹಿಡದೈತಿ, ಧೂಳು ಹಿಡದಲ್ಲೆ ದೆವ್ವ ಕುಂತೈತಿ." ನನಗೂ ಒಂದು ತಕರಾರಿತ್ತು. ಎಷ್ಟು ಸಿನಿಮಾ ನೋಡಿದರೂ ಒಂದರಲ್ಲಾದರೂ ಒಬ್ಬರಾದರೂ ಒಲೆ ಹಚ್ಚಲಿಲ್ಲ. ಹೊತ್ತಿಗೆ ಸರಿಯಾಗಿ ಎರಡು ರೊಟ್ಟಿ ಬಡಿದಿದ್ದರೆ ಅರ್ಧ ದೆವ್ವಗಳು ಅಲ್ಲಿಯೇ ಬಗೆಹರಿಯುತ್ತಿದ್ದವು.

ಕರೆಂಟಿನ ಕಾಟ ಬೇರೆ. ಒಂದು ಮಧ್ಯಾಹ್ನ ಗೋಡೆಯೊಳಗಿಂದ ಒಂದು ಕೈ ಹೊರಬರುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ನಾನು ಜಪಮಾಲೆ ಹಿಡಿದು ಕುಳಿತೆ. ಅತ್ತೆ ಬುಟ್ಟಿಯಲ್ಲಿದ್ದ ಶೇಂಗಾ ಸುಲಿಯುತ್ತ ಕಾದಳು. ಕರೆಂಟ್ ಬಂದಾಗ ಸಂಜೆಯಾಗಿತ್ತು. "ಪಾಪ, ಗ್ವಾಡ್ಯಾಗ ನಿಂತು ನಿಂತು ಅದಕ್ಕೂ ಕಾಲು ನೊಂದಿರಬೇಕು," ಎಂದಳು.

ನೋಡುವಾಗ ನನಗೆ ಅಷ್ಟು ಅಂಜಿಕೆ ಆಗುತ್ತಿರಲಿಲ್ಲ. ನೋಡಿ ಆದ ಮೇಲೆ ಶುರುವಾಗುತ್ತಿತ್ತು. ನಮ್ಮ ಕಡೆಯ ಸಿನಿಮಾ ದೆವ್ವಗಳು ಬಿಳಿ ಸೀರೆ ಉಟ್ಟು, ಹಾಡು ಹೇಳಿ, ಕಡೆಗೆ ಒಂದು ನಿಂಬೆಹಣ್ಣಿಗೆ ಹೆದರಿ ಓಡಿಹೋಗುತ್ತವೆ. ಅವನ್ನು ಮರೆತು ಉಣ್ಣಬಹುದು. ಈ ದೆವ್ವಗಳು ಯಾರಿಗೂ ಏನೂ ಮಾಡುವುದಿಲ್ಲ. ಮೆಟ್ಟಿಲ ಮೇಲೆ ಕುಳಿತಿರುತ್ತವೆ. ಕಿಟಕಿಯಲ್ಲಿ ನಿಂತಿರುತ್ತವೆ. ಯಾರಾದರೂ ತಮ್ಮ ಕಡೆ ನೋಡಿಯಾರೇ ಎಂದು ಕಾಯುತ್ತಿರುತ್ತವೆ. ಟಿವಿ ಬಂದ್ ಮಾಡಿ ಅಡುಗೆಮನೆಗೆ ಹೋದರೆ ಮುಚ್ಚಳ ತಾನಾಗಿ ಅಲುಗಿದಂತೆ, ಹಿತ್ತಲಲ್ಲಿ ಒಣಹಾಕಿದ ಸೀರೆಯ ಹಿಂದೆ ಯಾರೋ ಪುಟ್ಟಗೆ ನಿಂತಂತೆ. ಸೀರೆ ಸರಿಸಿದರೆ ಯಾರೂ ಇಲ್ಲ. ಯಾರೂ ಇಲ್ಲವಲ್ಲ ಎಂದು ನೆಮ್ಮದಿಯಾಗಬೇಕು, ನನಗೆ ಸಂಕಟವಾಗುತ್ತಿತ್ತು. ಆದರೂ ಮುಂದಿನ ವಾರ ಅತ್ತೆ ಬರುವುದನ್ನೇ ಕಾಯುತ್ತಿದ್ದೆ. ತಾಯಿ ಬನಶಂಕರಿ ಕ್ಷಮಿಸಲಿ.

ಇಂಗ್ಲಿಷ್ ಬಾರದ ನನಗೆ ಮಾತಿನ ಅರ್ಥ ಹೇಳುತ್ತಿದ್ದವಳು ಅತ್ತೆ. ಅವಳಿಗೂ ಬರುತ್ತಿರಲಿಲ್ಲ, ಅದು ಬೇರೆ ಮಾತು. ಮುಖ ನೋಡಿ ಹೇಳುತ್ತಿದ್ದಳು. ಗಂಡಸರು ಏನು ಮಾತಾಡಿದರೂ, "ಅವ ಏನೋ ಒದರತಾನ, ಬಿಡು." ತಾಯಿ ಮಾತಾಡಿದರೆ ತಾನೇ ಅಳುತ್ತ ಉದ್ದಕ್ಕೆ ಹೇಳುತ್ತಿದ್ದಳು. ಮತ್ತು ದೆವ್ವದ ಮಗು ಬಾಯಿ ತೆರೆದರೆ, ಅದು ಯಾವ ಸಿನಿಮಾ ಆಗಲಿ, ಯಾವ ಮಗು ಆಗಲಿ, ಅತ್ತೆಯ ಅರ್ಥ ಒಂದೇ:

"ಯವ್ವಾ, ನನಗ ಹಸಿವಾಗೈತಿ ಅಂತೈತಿ."

ಒಮ್ಮೆ ನಮ್ಮ ಮನೆಯವರು ತಡೆಯಲಾರದೆ, "ಅತ್ತಿ, ಅಕಿ ಹಂಗ ಅಂದಿಲ್ಲ. ಕೀಲಿ ಎಲ್ಲೈತಿ ಅಂತ ಕೇಳ್ಯಾಳ," ಎಂದರು.

ಅತ್ತೆ ಅವರನ್ನು ಕನಿಕರದಿಂದ ನೋಡಿದಳು. "ಮಾಸ್ತರ, ಕೀಲಿ ಕೇಳೂ ಮಾರಿ ಹಿಂಗ ಇರ್ತೈತೇನು?"

ಅವರು ತಿರುಗಿ ಪರದೆ ನೋಡಿದರು. ಮತ್ತೆಂದೂ ಅವಳನ್ನು ತಿದ್ದಲಿಲ್ಲ.

ಈಗ ಅತ್ತೆಯ ಮನೆ ಬಂತು. ಹೊರಗೆ ಕಟ್ಟೆಯ ಮೇಲೆ ಇಡೀ ಮನೆಮಂದಿ ಸಾಲಾಗಿ ಕುಳಿತಿದ್ದರು. ಆ ಮನೆಯ ಪದ್ಧತಿ ಹೀಗೆ: ಮಗ್ಗದ ಕೋಣೆಯಲ್ಲಿ ಕಲಶ ಇಟ್ಟು, ಹೊಸ ಬಟ್ಟೆ ಇಟ್ಟು, ಎಲೆ ಬಡಿಸಿ, ಎಲ್ಲರೂ ಹೊರಬಂದು ಬಾಗಿಲು ಮುಂದೆ ಮಾಡಬೇಕು, ಅಂದರೆ ಅಗಳಿ ಹಾಕದೆ ಎಳೆದುಕೊಳ್ಳಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿದವರು ನೋಡಬಾರದು. ಅವರದಾದ ಮೇಲೆಯೇ ಇವರ ಊಟ. ಈ ಸಲ ಎಲ್ಲರೂ ಹೊರಬಂದರು, ಅತ್ತೆಯೊಬ್ಬಳು ಒಳಗುಳಿದು ಅಗಳಿ ಹಾಕಿದ್ದಳು. ಮುಂಜಾನೆಯಿಂದ ಉಪವಾಸವಿದ್ದ ಮನೆಮಂದಿಯ ಮುಖದ ಮೇಲೆ ಸತ್ತವರ ನೆನಪಿಗಿಂತ ಒಳಗಿನ ಹೋಳಿಗೆಯ ನೆನಪೇ ಹೆಚ್ಚಾಗಿತ್ತು.

ನೆಗೆಣ್ಣಿ, ನಾನು ದೊಡ್ಡವ್ವ ಎಂದು ಕರೆಯುವವರು, ಬಾಗಿಲ ಮುಂದೆ ನಿಂತಿದ್ದರು. ನೋಡಲು ಬಿಗಿ, ಮಾತು ಇನ್ನೂ ಬಿಗಿ. "ಬಾರವ್ವಾ. ಆ ಹಾಳು ಸಿನಿಮಾ ತೋರಿಸಿ ಅಕಿ ತೆಲಿ ಕೆಡಿಸಿದಾಕಿ ನೀನು. ಈಗ ನೀನೇ ಬಾಗಲಾ ತೆಗಸು."

"ಅತ್ತಿ, ನಾ ಬಂದೇನಿ," ಎಂದೆ.

"ಬಾ ನನ್ನವ್ವ. ಹೋಳಿಗಿ ಮಾಡಿದ್ದೇನು?" ಒಳಗಿಂದ ಅತ್ತೆಯ ದನಿ ತಣ್ಣಗಿತ್ತು.

"ಅತ್ತಿ, ಹಿರಿಯಾರು ಹಸಗೊಂಡು ಬಾಗಲಾಗ ನಿಂತಿರ್ತಾರ."

"ಗಂಗೀನೂ ನಿಂತಾಳ. ಅಕಿ ಭಾಳ ವರ್ಷದಿಂದ ನಿಂತಾಳ."

ದೊಡ್ಡವ್ವ ಬಾಗಿಲಿಗೆ ಬಾಯಿ ಹಚ್ಚಿ, "ಹಾಲುಹಲ್ಲಿನ ಕೂಸು ಹಿರಿಯಾಕಿ ಹೆಂಗ ಆಗ್ತಾಳ? ನಮ್ಮ ಅತ್ತಿ ಕಾಲದಿಂದ ಇಲ್ಲದ್ದು ನಾ ಹೆಂಗ ಮಾಡ್ಲಿ?" ಎಂದರು.

"ಇದ್ದಿದ್ರ ಈಗ ನಿನ್ನ ಹಿರೇ ಸೊಸಿಗಿಂತ ದೊಡ್ಡಾಕಿ ಇರ್ತಿದ್ಲು ಅಕ್ಕಾ. ಇನ್ನೂ ಎಷ್ಟು ಹಿರಿಯಾಕಿ ಆಗಬೇಕು?"

ಆಗ ಒಳಗಿನಿಂದ ಒಂದು ಸದ್ದು ಕೇಳಿಸಿತು. ಕಿರ್... ಕಿರ್... ನೂಲು ಸುತ್ತುವ ರಾಟೆಯ ಸದ್ದು. ಇಳಕಲ್ಲಿನಲ್ಲಿ ಹುಟ್ಟಿದವರಿಗೆ ಅದು ಉಸಿರಿನಷ್ಟೇ ಪರಿಚಿತ. ಆದರೆ ಅಮವಾಸ್ಯೆಯ ದಿನ ನಮ್ಮಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ, ರಾಟೆ ತಿರುವುವುದಿಲ್ಲ.

"ಅಮಾಸಿ ದಿನ ರಾಟಿ ಯಾಕ ತಿರುವಾಕತ್ತಿ?" ದೊಡ್ಡವ್ವ ಗದರಿದರು.

ಅತ್ತೆ ಹೇಳಿದಳು. "ನಾ ಬಾಗಲಕ್ಕ ಬೆನ್ನು ಹಚ್ಚಿ ಕುಂತೇನಿ ಅಕ್ಕಾ. ರಾಟಿ ಆಚಿ ಮೂಲ್ಯಾಗ ಐತಿ."

ಅವಳ ದನಿ ನಿಜವಾಗಿಯೂ ಬಾಗಿಲಿನ ಬುಡದಿಂದಲೇ ಬರುತ್ತಿತ್ತು. ರಾಟೆ ಮತ್ತೆರಡು ಸುತ್ತು ತಿರುಗಿ ನಿಂತಿತು. ಸಣ್ಣ ಕೈ ತಿರುವಿದರೆ ಹೇಗೆ ತಡೆತಡೆದು ತಿರುಗುತ್ತದೋ ಹಾಗೆ. ಬೆಳಕಿಂಡಿಯ ಗಾಳಿ ಇರಬೇಕು ಎಂದು ಅಂಗಳದ ಬೇವಿನ ಗಿಡ ನೋಡಿದೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ದೊಡ್ಡವ್ವ ಕೆಳಗೆ ಕುಳಿತುಬಿಟ್ಟರು. ಆಮೇಲೆ ಗೋಡೆ ಹಿಡಿದು ಎದ್ದು, ಅಡುಗೆಮನೆಗೆ ಹೋದರು. ಬರುವಾಗ ಕೈಯಲ್ಲಿ ಬಡಿಸಿದ ಒಂದು ಎಲೆ, ಹೆಗಲ ಮೇಲೆ ಗುಳೇದಗುಡ್ಡದ ಒಂದು ಹೊಸ ಕುಪ್ಪಸದ ಖಣ.

"ತೆಗಿ," ಎಂದರು ಬಾಗಿಲಿಗೆ. "ತಂದೇನಿ."

ಅಗಳಿ ಸರಿಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ದೆವ್ವ ಬಡಿದವಳಂತೇನೂ ಇರಲಿಲ್ಲ, ಬಹಳ ದಣಿದವಳಂತಿದ್ದಳು. ದೊಡ್ಡವ್ವ ಕಲಶದ ಮುಂದಿನ ಎಲೆಗಳನ್ನು ಒಂದಿಷ್ಟು ಸರಿಸಿ, ನಡುವೆ ಜಾಗ ಮಾಡಿ, ಗಂಗಿಯ ಎಲೆ ಇಟ್ಟರು. ಹೋಳಿಗೆ, ತುಪ್ಪ, ಹಾಲು, ಅನ್ನ, ಕಟ್ಟಿನ ಸಾರು. ಬದನೆಕಾಯಿ ಎಣಗಾಯಿ ಇರಲಿಲ್ಲ.

"ದೊಡ್ಡವ್ವಾರ, ಪಲ್ಯ ಮರತೀರಿ," ಎಂದೆ ನಾನು ಮೆಲ್ಲಗೆ.

ದೊಡ್ಡವ್ವ ತಿರುಗಿ ನೋಡಲಿಲ್ಲ. ಖಣದ ಮಡಿಕೆಯನ್ನು ಮತ್ತೆ ಮತ್ತೆ ಸರಿಮಾಡುತ್ತ ಹೇಳಿದರು. "ಮರತಿಲ್ಲ. ಅಕಿಗೆ ಬದನಿಕಾಯಿ ಸೇರತಿರಲಿಲ್ಲ. ನಾ ಉಣಸಾಕ ಹೋದ್ರ ಉಗಳತಿದ್ಲು."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದ ಆ ಇಬ್ಬರು ಆಗ ಒಬ್ಬರನ್ನೊಬ್ಬರು ನೋಡಿದ ರೀತಿಯನ್ನು ನಾನು ಬರೆಯಲಾರೆ. ಅತ್ತೆ ತಾನಾಗಿಯೇ ಹೊರಬಂದು ಬಾಗಿಲು ಮುಂದೆ ಮಾಡಿದಳು. ಎಲ್ಲರೂ ಕಟ್ಟೆಯ ಮೇಲೆ ಕುಳಿತೆವು. ಯಾರೂ ಬಗ್ಗಿ ನೋಡಲಿಲ್ಲ. ಒಳಗೆ ಏನೂ ಸದ್ದಾಗಲಿಲ್ಲ. ಅದೊಂದು ಪುಣ್ಯ.

ಮುಂದಿನ ವಾರ ಮಧ್ಯಾಹ್ನ ಅತ್ತೆ ಹೊಸ ಸಿನಿಮಾ ಹಿಡಿದುಕೊಂಡು ಬಂದಳು. ಮತ್ತದೇ ಕಲ್ಲಿನ ಮನೆ, ಮತ್ತದೇ ಧೂಳು, ಕತ್ತಲೆಯ ತುದಿಗೆ ನಿಂತ ಒಂದು ಹುಡುಗಿ. ಹುಡುಗಿ ಈ ಕಡೆ ತಿರುಗಿ ತುಟಿ ಅಲುಗಿಸಿದಳು. ನಾನು ಕಾದೆ. ಅತ್ತೆಯಿಂದ ಆ ಹಸಿವಿನ ಮಾತು ಬರಲಿಲ್ಲ.

"ಏನಂತಾಳತ್ತಿ?" ಎಂದೆ.

ಅತ್ತೆ ಆ ಮುಖವನ್ನು ಬಹಳ ಹೊತ್ತು ನೋಡಿದಳು.

"ಗೊತ್ತಾಗವಲ್ದು ನನ್ನವ್ವ," ಎಂದಳು. "ಮಾಸ್ತರ ಬಂದ ಮ್ಯಾಲೆ ಕೇಳೂಣು. ಕೀಲಿ ಬೇಕೇನೋ ಅಕಿಗೆ."

ನಾನು ಎದ್ದು ಅಡುಗೆಮನೆಗೆ ಹೋಗಿ ರೊಟ್ಟಿಗೆ ಎಸರಿಟ್ಟೆ.