ನಾಲ್ಕು ಗಂಟೆಯವರೆಗೆ ಸುದ್ದಿ ಬೇಡ

ಬೆಳಿಗ್ಗೆ ಐದೂಮುಕ್ಕಾಲಿಗೆ ಹದಿನಾಲ್ಕನೇ ನಂಬರ್ ಬಸ್ಸಿನ ಡ್ರೈವರ್ ಸಾಹೇಬರು ಬಾಗಿಲು ತೆರೆದು ನೋಡಿದರೆ ಹೊಸ್ತಿಲ ಬಳಿ ಪತ್ರಿಕೆ ಇರಲಿಲ್ಲ. ಆ ದಿನದ ರಾಮಾಯಣಕ್ಕೆಲ್ಲ ಅದೇ ಮೂಲ.

"ಪೇಪರ್ ಬಂದಿಲ್ವೇನೇ?"

"ಬಂದಿದೆ," ಎಂದಳು ಹೆಂಡತಿ ಬಚ್ಚಲುಮನೆಯಿಂದ. "ಬಕೆಟ್ಟಲ್ಲಿ ನೆನೆಹಾಕಿದೀನಿ."

ಸಾಹೇಬರು ಓಡಿಹೋಗಿ ನೋಡಿದರು. ಪತ್ರಿಕೆ ಮಡಿಕೆ ಕೂಡ ಬಿಚ್ಚದೆ, ಸೋಪಿನ ನೀರಿನಲ್ಲಿ ಇವರ ಕಾಲುಚೀಲಗಳ ಜೊತೆ ಮುಳುಗಿತ್ತು. ಎದೆಗೆ ಚೂರಿ ಹಾಕಿದಂತಾಯಿತು ಅವರಿಗೆ.

ಅವರನ್ನು ಡಿಪೋದಲ್ಲಿ ಎಲ್ಲರೂ ಸಾಹೇಬರು ಎಂದು ಕರೆಯುತ್ತಿದ್ದುದು ಗೌರವಕ್ಕಲ್ಲ, ದಿನವೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದುದಕ್ಕೆ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ್ದರೂ ಒಂದು ನಾಯಿಯ ಬಾಲವನ್ನೂ ತುಳಿದವರಲ್ಲ. ಅವರಿಗಿದ್ದ ದೌರ್ಬಲ್ಯ ಒಂದೇ. ಲೋಕದಲ್ಲಿ ನಡೆಯುವುದನ್ನೆಲ್ಲ ಓದಬೇಕು, ಓದಿ ದಂಗಾಗಬೇಕು. ಬದುಕಿರುವ ಅಣ್ಣನನ್ನು ಸತ್ತನೆಂದು ಬರೆಸಿ, ಅವನ ಮನೆಯಲ್ಲಿ ಅವನನ್ನೇ ಬಾಡಿಗೆಗೆ ಇಟ್ಟುಕೊಂಡ ತಮ್ಮನ ಸುದ್ದಿ ಓದಿದ ದಿನ ಅವರು ಎರಡು ಹೊತ್ತು ಊಟ ಬಿಟ್ಟಿದ್ದರು. ಮಂಚ ಮಾರುವ ಅಂಗಡಿಯೊಳಗೆ ಒಬ್ಬ ಏಳು ತಿಂಗಳು ಗುಟ್ಟಾಗಿ ಸಂಸಾರ ಮಾಡಿದ್ದ ಎಂದು ಓದಿದಾಗ, ಒಂದು ವಾರ ಮನೆಯ ಮಂಚದಡಿ ಬಗ್ಗಿ ನೋಡಿಯೇ ಮಲಗುತ್ತಿದ್ದರು. ಓದುವಾಗ ಮುಖ ಕೆಂಪಾಗುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಆದರೂ ಬಿಡಲಾರರು.

ತೊಂದರೆ ಇದ್ದದ್ದು ಅಲ್ಲೇ. ಡ್ರೈವರುಗಳಿಗೆ ವರ್ಷಕ್ಕೊಮ್ಮೆ ರಕ್ತದೊತ್ತಡದ ಪರೀಕ್ಷೆ ನಡೆಯುತ್ತಿತ್ತು. ನೂರನಲವತ್ತು ದಾಟಿದರೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಹೋದ ವರ್ಷ ಸಾಹೇಬರದು ನೂರೈವತ್ತೆರಡು ಇತ್ತು. ಹಳೆಯ ಮುಖ ಎಂದು ಒಂದು ವರ್ಷದ ಗಡುವು ಕೊಟ್ಟು ಬಿಟ್ಟಿದ್ದರು. ಈ ಸಲವೂ ದಾಟಿದರೆ, ಪ್ರಯಾಣಿಕರು ಮರೆತು ಹೋದ ಸಾಮಾನು ಇಡುವ ಕಿಟಕಿಯಿಲ್ಲದ ಕೋಣೆಗೆ ವರ್ಗ. ಅಲ್ಲಿ ಮುನ್ನೂರು ಕೊಡೆಗಳನ್ನೂ ಒಂದೊಂದೇ ಇರುವ ಚಪ್ಪಲಿಗಳನ್ನೂ ಕಾಯುತ್ತ ನಿವೃತ್ತಿಯವರೆಗೆ ಕೂರಬೇಕು. ಆ ಕೋಣೆಯನ್ನು ನೆನೆಸಿಕೊಂಡರೇ ಸಾಹೇಬರ ಕಣ್ಣಲ್ಲಿ ನೀರು ಬರುತ್ತಿತ್ತು. ಬಸ್ಸು ಓಡಿಸದ ಬದುಕು ಅವರಿಗೆ ಗೊತ್ತೇ ಇರಲಿಲ್ಲ.

ಪರೀಕ್ಷೆ ಇವತ್ತು ಸಂಜೆ ನಾಲ್ಕು ಗಂಟೆಗೆ, ಪೇಟೆಯ ಕ್ಲಿನಿಕ್ಕಿನಲ್ಲಿ.

ಹೆಂಡತಿ ಅದಕ್ಕೇ ಹಿಂದಿನ ದಿನವೇ ಟೆಲಿಫೋನ್ ಹಿಡಿದು ಕೂತಿದ್ದಳು. ಡಿಪೋದವರು, ಬಸ್ಸಿನ ಕಂಡಕ್ಟರಮ್ಮ, ಮೇಲಿನ ಮನೆಯ ನಿವೃತ್ತ ಹೆಡ್‌ಮೇಡಂ, ಯಾರನ್ನೂ ಬಿಟ್ಟಿರಲಿಲ್ಲ. "ಪರೀಕ್ಷೆ ಮುಗಿದು ಸರ್ಟಿಫಿಕೇಟು ಕೈಗೆ ಬರೋತನಕ ಪೇಪರಲ್ಲಿರೋ ಒಂದಕ್ಷರಾನೂ ಅವರ ಕಿವಿಗೆ ಬೀಳಬಾರ್ದು. ನನಗೆ ಮಾತು ಕೊಡಿ," ಎಂದು ಒಬ್ಬೊಬ್ಬರಿಂದಲೂ ಭಾಷೆ ತೆಗೆದುಕೊಂಡಿದ್ದಳು. ಹೆಂಗಸು ಕೇಳಿದ ರೀತಿ ಹೇಗಿತ್ತೆಂದರೆ, ಕೊಡುವುದಿಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಸಾಹೇಬರು ತಿಂಡಿ ತಿಂದು ಮೆಟ್ಟಿಲಿಳಿದರು. ಹೆಡ್‌ಮೇಡಂ ಕೆಳಗಿನ ಕಟ್ಟೆಯ ಮೇಲೆ ಪತ್ರಿಕೆ ಹರಡಿಕೊಂಡು ಕೂತಿದ್ದವರು, ಇವರನ್ನು ಕಂಡದ್ದೇ ಬೆಚ್ಚಿಬಿದ್ದು ಪತ್ರಿಕೆಯನ್ನು ಮಡಿಸಿ ಅದರ ಮೇಲೆಯೇ ಕೂತುಬಿಟ್ಟರು.

"ಏನ್ ಸುದ್ದಿ ಮೇಡಂ?"

"ಸುದ್ದಿನಾ? ಎಲ್ಲಿ? ಯಾವ ಸುದ್ದಿ?" ಆಕೆ ಮಿಕಮಿಕ ನೋಡಿದರು. ಆಮೇಲೆ ಮರುಕ ತಡೆಯಲಾರದೆ, "ನೀವೇನೂ ಯೋಚ್ನೆ ಮಾಡಬೇಡಿ. ನಿಮ್ಮ ಕೈಲಿ ಏನಿದೆ ಹೇಳಿ? ನಿಮ್ಮದೇನೂ ತಪ್ಪಿಲ್ಲ," ಎಂದರು.

"ನನ್ನ ತಪ್ಪಾ? ನನ್ನ ವಿಷ್ಯಾನಾ ಬಂದಿರೋದು?"

"ಅಯ್ಯೋ ನಾನೆಲ್ಲಿ ಹಾಗಂದೆ!" ಎಂದು ಹೆಡ್‌ಮೇಡಂ ನಾಲಿಗೆ ಕಚ್ಚಿಕೊಂಡು, ಪತ್ರಿಕೆಯನ್ನು ಸೆರಗಿನಡಿ ಸೇರಿಸಿ, ಆ ವಯಸ್ಸಿನಲ್ಲಿ ಯಾರೂ ಹತ್ತದ ವೇಗದಲ್ಲಿ ಮೆಟ್ಟಿಲು ಹತ್ತಿ ಹೋದರು.

ತಪ್ಪಿಲ್ಲ ಎಂದರೆ ಏನೋ ಆಗಿದೆ ಎಂದೇ ಅರ್ಥ.

ಡಿಪೋದಲ್ಲಿ ಇನ್ನೂ ವಿಚಿತ್ರ. ದಿನವೂ ಡ್ರೈವರುಗಳು ಗುಂಪು ಕೂಡಿ ಪತ್ರಿಕೆ ಓದಿ ಬಾಯಿ ಬಡಿದುಕೊಳ್ಳುವ ಹೊತ್ತು ಅದು. ಇವತ್ತು ಇವರು ಒಳಗೆ ಕಾಲಿಟ್ಟ ತಕ್ಷಣ ಗುಂಪಿಗೆ ಗುಂಪೇ ಚದುರಿತು. ಮೂವರು ಪತ್ರಿಕೆಯನ್ನು ಬೆನ್ನ ಹಿಂದೆ ಅಡಗಿಸಿದರು. ನಾಲ್ಕನೆಯವನು ಗಾಬರಿಯಲ್ಲಿ ಡೀಸೆಲ್ ಪೀಪಾಯಿಯೊಳಗೆ ಹಾಕಿದ.

"ಹವಾ ಚೆನ್ನಾಗಿದೆ ಅಲ್ವಾ ಸಾಹೇಬ್ರೇ?" ಎಂದ ಒಬ್ಬ.

"ಹೂ ಅರಳಿದೆ ನೋಡಿ ಗೇಟಿನ ಹತ್ರ," ಎಂದ ಇನ್ನೊಬ್ಬ. ಅವನು ಹೂವಿನ ವಿಷಯ ಮಾತಾಡಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಬಸ್ಸು ಹೊರಟಿತು. ಕಂಡಕ್ಟರಮ್ಮ ಹನ್ನೊಂದು ವರ್ಷದಿಂದ ಇದೇ ಬಸ್ಸಿನಲ್ಲಿದ್ದವಳು, ಮಾತಿಗೆ ತಪ್ಪುವವಳಲ್ಲ. ಪ್ರಯಾಣಿಕರು ಹತ್ತುತ್ತಿದ್ದಂತೆಯೇ, "ಪೇಪರ್ ಮಡಚಿ! ಬ್ಯಾಗಲ್ಲಿಡಿ! ಯಜಮಾನ್ರೇ, ನಿಮಗೇ ಹೇಳ್ತಿರೋದು!" ಎಂದು ಕೂಗುತ್ತಿದ್ದಳು.

"ಯಾಕಮ್ಮಾ, ಬಸ್ಸಲ್ಲಿ ಓದಬಾರ್ದು ಅಂತ ಕಾನೂನಿದೆಯಾ?"

"ಡ್ರೈವರ್‌ಗೆ ಆಗಲ್ಲ."

"ಓದ್ತಿರೋದು ನಾನಲ್ವಾ?"

"ಶಾಕ್ ಆಗೋದು ಅವರಿಗೆ!"

ಅಷ್ಟಾದರೂ ಹಿಂದಿನ ಸೀಟಿನ ಒಬ್ಬ ಮೊಂಡ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೇ ಕೂತಿದ್ದ. ಕೆಂಪು ದೀಪದ ಬಳಿ ಬಸ್ಸು ನಿಂತಾಗ ಸಾಹೇಬರು ತಲೆಯ ಮೇಲಿನ ಕನ್ನಡಿಯಲ್ಲಿ ಕಣ್ಣು ನೆಟ್ಟರು. ಅಕ್ಷರಗಳೆಲ್ಲ ಉಲ್ಟಾ. ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದರು: 'ಎಲ್ಲರಿಗೂ ಒಂದೇ'. ಮುಂದಿನದು ಆ ಮೊಂಡನ ಹೆಬ್ಬೆರಳಿನಡಿ ಇತ್ತು.

ಎಲ್ಲರಿಗೂ ಒಂದೇ! ಏನು ಒಂದೇ? ಗತಿಯೇ? ಕಾಯಿಲೆಯೇ? ಅಂತ್ಯವೇ? ಸಾಹೇಬರು ಕನ್ನಡಿಯನ್ನೇ ನೋಡುತ್ತ ಕೂತರು. ಹಸಿರು ದೀಪ ಬಂತು, ಹೋಯಿತು, ಮತ್ತೆ ಬಂತು. ಹಿಂದೆ ಸಾಲುಗಟ್ಟಿದ ಗಾಡಿಗಳ ಹಾರ್ನು ಕಿವಿ ಹರಿಯುವಂತೆ ಮೊಳಗಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಟ್ರಾಫಿಕ್ ಪೊಲೀಸ್ ಬಂದು ಕಿಟಕಿ ಬಡಿದ.

"ಮಲಗಿದೀರೇನ್ರೀ?"

"ಅಣ್ಣಾ, ಇವತ್ತಿನ ಪೇಪರ್ ನೋಡಿದೀರಾ? ಏನಾಗಿದೆ ಹೇಳಿ, ಪುಣ್ಯ ಬರುತ್ತೆ."

ಪೊಲೀಸನಿಗೆ ನಗು ಬಂತು. "ಓ ಅದಾ? ನಾಚಿಕೆಗೇಡು ಸ್ವಾಮಿ, ಅದೂ ನಿಮ್ಮ ಡ್ರೈವರುಗಳ..." ಎನ್ನುವಷ್ಟರಲ್ಲಿ ಕಂಡಕ್ಟರಮ್ಮ ಕತ್ತು ಹೊರಗೆ ಹಾಕಿ ಕಿವಿಯ ಪಕ್ಕದಲ್ಲೇ ಸೀಟಿ ಊದಿದಳು. ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.

ಡ್ರೈವರುಗಳ ನಾಚಿಕೆಗೇಡು! ಸಾಹೇಬರ ತಲೆ ಗಿರ್ರೆಂದಿತು.

ಒಂದು ಗಂಟೆಗೆ ಪಾಳಿ ಮುಗಿಸಿ ಬಂದಾಗ ನೋಟಿಸ್ ಬೋರ್ಡಿನ ಮುಂದೆ ಐದು ಮಂದಿ ಡ್ರೈವರುಗಳು ಭುಜಕ್ಕೆ ಭುಜ ತಾಗಿಸಿ ಗೋಡೆಯಂತೆ ನಿಂತಿದ್ದರು. ಸಾಹೇಬರು ಎಡಕ್ಕೆ ಬಗ್ಗಿದರೆ ಅವರೂ ಎಡಕ್ಕೆ, ಬಲಕ್ಕೆ ಬಗ್ಗಿದರೆ ಬಲಕ್ಕೆ.

"ಏನಿದೆ ಹಿಂದೆ?"

"ಬೋರ್ಡು," ಎಂದ ನಡುವಿನವನು.

"ಬೋರ್ಡಲ್ಲಿ?"

"ಮೊಳೆ. ನೀವು ಮನೆಗೆ ಹೋಗಿ ಮಲಗಿ ಸಾಹೇಬ್ರೇ. ನಿಮ್ಮ ಮನೆಯವರಿಗೆ ಎಲ್ಲಾ ಗೊತ್ತಿರುತ್ತೆ, ಅವರು ನೋಡ್ಕೋತಾರೆ."

ಸಾಹೇಬರು ಮನೆಗೆ ಹೋದರು, ಆದರೆ ಮಲಗಲಿಲ್ಲ. ಚಾವಣಿ ನೋಡುತ್ತ ಕೂತರು. ತಾನು ಗೊತ್ತಿಲ್ಲದೆ ಯಾರ ಮೇಲೋ ಬಸ್ಸು ಹತ್ತಿಸಿರಬಹುದು. ಡ್ರೈವರುಗಳನ್ನೆಲ್ಲ ಮನೆಗೆ ಕಳಿಸುತ್ತಿರಬಹುದು. ಎಲ್ಲರಿಗೂ ಒಂದೇ ಏಟು! ಹೆಂಡತಿಯನ್ನು ಕೇಳಿದರೆ, "ನಾನು ಓದಿದ್ರೆ ತಾನೇ ಹೇಳೋಕೆ? ಓದಿದ್ರೆ ಬಾಯಿ ತಪ್ಪಿ ಬಂದ್ಬಿಡುತ್ತೆ ಅಂತ ನೋಡೇ ಇಲ್ಲ," ಎಂದಳು. ಮಾತು ನಿಜ. ಆದರೆ ಆ ಹೊತ್ತಿಗೆ ಸಾಹೇಬರು ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ.

ಮೂರೂವರೆಗೆ ಹೆಂಡತಿಯ ತಮ್ಮ ಬಂದ. ಭಾವನನ್ನು ಕ್ಲಿನಿಕ್ಕಿಗೆ ಕರೆದೊಯ್ಯುವ ಜವಾಬ್ದಾರಿ ಅವನದು. ಅವನಿಗೆ ಗ್ರಂಥಾಲಯದಲ್ಲಿ ಕೆಲಸ. ಓದುತ್ತಿರುವವರ ಕೈಯಿಂದ, ಅವರಿಗೇ ತಿಳಿಯದಂತೆ ಪತ್ರಿಕೆ ಎತ್ತಿಡುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಅವನೂ ಅಕ್ಕನಿಗೆ ಮಾತು ಕೊಟ್ಟಿದ್ದ; ಅಂದು ರಜೆ ಹಾಕಿದ್ದರಿಂದ ಪತ್ರಿಕೆಯ ಮುಖವನ್ನೂ ನೋಡಿರಲಿಲ್ಲ.

ಕ್ಲಿನಿಕ್ಕು ಆಗತಾನೇ ಬಾಗಿಲು ತೆರೆದಿತ್ತು. ಭಾವಮೈದುನ ಮೊದಲು ತಾನು ನುಗ್ಗಿ, ಬಾಗಿಲಲ್ಲಿ ಬಿದ್ದಿದ್ದ ಒಂದು ಪತ್ರಿಕೆ, ಔಷಧಿ ಕೊಡುವವನ ಮೇಜಿನಿಂದ ಇನ್ನೊಂದು, ಡಾಕ್ಟರ ಕುರ್ಚಿಯ ಮೇಲಿದ್ದ ಮತ್ತೊಂದು, ಮೂರನ್ನೂ ಅಂಗಿಯೊಳಗೆ ತುರುಕಿಕೊಂಡ. ಅವನು ಉಸಿರಾಡಿದರೆ ಸರಸರ ಸದ್ದಾಗುತ್ತಿತ್ತು.

"ಡಾಕ್ಟ್ರ ಪೇಪರ್ ಎಲ್ಲಿ ಹೋಯ್ತು? ಅವರು ಬಂದ ಕೂಡಲೇ ಓದೋದು," ಎಂದು ನರ್ಸಮ್ಮ ಹುಡುಕಾಡಿದಳು. ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಎತ್ತಿ ಕೇಳಿ ಕುಕ್ಕಿದಳು. "ಯಾರೋ ಪೋಲಿಗಳು. ಫೋನ್ ಮಾಡಿ ಕಿಸಕ್ಕಂತ ನಗ್ತಾರೆ, ಇಟ್ಬಿಡ್ತಾರೆ. ಇವತ್ತು ಹನ್ನೆರಡು ಜನ ಡ್ರೈವರ್‌ಗಳು ಬರಬೇಕಿತ್ತು. ನೀವೊಬ್ರೇ ಬಂದಿದೀರಾ?"

ಹನ್ನೊಂದು ಮಂದಿ ಎಲ್ಲಿ ಹೋದರು? ಎಲ್ಲರಿಗೂ ಒಂದೇ ಎಂದರೆ ಇದೇ ಏನು? ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಕಿವಿಯಲ್ಲಿ ರಕ್ತ ಕುದಿಯುವ ಸದ್ದು ಅವರಿಗೇ ಕೇಳಿಸುತ್ತಿತ್ತು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿದಾಗ ಸಾಹೇಬರು ಕಣ್ಣು ಮುಚ್ಚಿಕೊಂಡು, ಬಸ್ಸಿಗೆ ಮನಸ್ಸಿನಲ್ಲೇ ವಿದಾಯ ಹೇಳಿಬಿಟ್ಟರು.

ಯಂತ್ರ ಗುಂಯ್ ಎಂದಿತು, ನಿಂತಿತು.

"ನೂರಿಪ್ಪತ್ತು, ಎಂಬತ್ತು," ಎಂದರು ಡಾಕ್ಟರು.

"ಯಾರದು?"

"ನಿಮ್ಮದೇ ರೀ! ಹದಿನೆಂಟರ ಹುಡುಗನ ಹಾಗಿದೆ. ಈ ವರ್ಷ ಡ್ರೈವರುಗಳ ಆರೋಗ್ಯ ಎಷ್ಟು ಸುಧಾರಿಸಿದೆ ಅಂತೀರಿ, ಒಬ್ಬರೂ ಫೇಲಾಗಿಲ್ಲ."

ಸಾಹೇಬರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಇನ್ನೊಮ್ಮೆ ನೋಡಿ ಎಂದರು. ನೋಡಿದರು. ಅಷ್ಟೇ ಇತ್ತು. ಡಾಕ್ಟರು ಸಹಿ ಹಾಕಿ, ಮುದ್ರೆ ಒತ್ತಿ ಸರ್ಟಿಫಿಕೇಟು ಕೊಟ್ಟರು. ಸಾಹೇಬರು ಅದನ್ನು ಕಣ್ಣಿಗೊತ್ತಿಕೊಂಡು, ಭಾವಮೈದುನನನ್ನು ತಬ್ಬಿಕೊಂಡು, ಬೀದಿಗೆ ಬಂದು ಮೆಟ್ಟಿಲ ಮೇಲೆ ನಿಂತು ಗೆದ್ದ ಕುಸ್ತಿಯವನಂತೆ ಎದೆ ಉಬ್ಬಿಸಿದರು. ಇನ್ನು ಲೋಕವೇ ಮುಳುಗಲಿ, ಬಸ್ಸು ತಮ್ಮದು.

"ತೆಗಿಯೋ ಪೇಪರು," ಎಂದರು. "ಈಗ ಎಂಥ ಸುದ್ದಿ ಇದ್ದರೂ ಓದ್ತೀನಿ."

ಭಾವಮೈದುನ ಅಂಗಿಯೊಳಗಿಂದ ಒಂದನ್ನು ಎಳೆದು ಕೊಟ್ಟ. ಬೆವರಿಗೆ ಒದ್ದೆಯಾಗಿತ್ತು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು: 'ಎಲ್ಲರಿಗೂ ಒಂದೇ ಬಿಪಿ: ಮೇಜಿನ ಕಾಲಿಗೂ ನೂರಿಪ್ಪತ್ತು!'

ಸಾಹೇಬರು ಓದುತ್ತ ಹೋದರು. ಪೇಟೆಯ ಕ್ಲಿನಿಕ್ಕಿನ ಯಂತ್ರ ಎಂಟು ತಿಂಗಳಿಂದ ಕೆಟ್ಟು, ಯಾರಿಗೆ ಕಟ್ಟಿದರೂ ನೂರಿಪ್ಪತ್ತು, ಎಂಬತ್ತು ಎಂದೇ ತೋರಿಸುತ್ತಿತ್ತಂತೆ. ಜ್ವರ ಬಂದಿದ್ದ ಒಬ್ಬ ಲಾರಿ ಡ್ರೈವರನಿಗೆ ಅನುಮಾನ ಬಂದು, ಯಾರೂ ಇಲ್ಲದಾಗ ಪಟ್ಟಿಯನ್ನು ಮೇಜಿನ ಕಾಲಿಗೆ ಸುತ್ತಿ ನೋಡಿದನಂತೆ. ಆಮೇಲೆ ಒಂದು ಬ್ರೆಡ್ಡಿಗೂ ಸುತ್ತಿದನಂತೆ. ಬ್ರೆಡ್ಡೂ ಪಾಸು. ಆ ಯಂತ್ರ ನೋಡಿ ಕೊಟ್ಟ ಸರ್ಟಿಫಿಕೇಟುಗಳೆಲ್ಲ ಇಂದಿನಿಂದ ರದ್ದು.

ಅಷ್ಟರಲ್ಲಿ ಕಂಡಕ್ಟರಮ್ಮ ಏದುಸಿರು ಬಿಡುತ್ತ ಓಡಿಬಂದಳು.

"ಸಾಹೇಬ್ರೇ, ಇಲ್ಲೇನ್ ಮಾಡ್ತಿದೀರಾ? ಪರೀಕ್ಷೆ ದೊಡ್ಡಾಸ್ಪತ್ರೆಗೆ ಬದಲಾಯಿಸಿದಾರೆ! ಎರಡು ಗಂಟೆಗೇ ಎಲ್ಲರದ್ದೂ ಮುಗೀತು. ನೀವೊಬ್ಬರು ಬರಲಿಲ್ಲ ಅಂತ ಅಲ್ಲಿ ಕೂಗಾಡ್ತಿದ್ದಾರೆ."

"ನನಗ್ಯಾಕಮ್ಮಾ ಹೇಳಲಿಲ್ಲ?" ಸಾಹೇಬರ ದನಿ ಅಳುವಂತಿತ್ತು.

"ಹೇಗ್ ಹೇಳ್ಲಿ? ನೋಟಿಸನ್ನ ಆ ಪೇಪರ್ ತುಣುಕಿನ ಪಕ್ಕದಲ್ಲೇ ಅಂಟಿಸಿದ್ರು. ನೋಟಿಸ್ ತೋರಿಸಿದ್ರೆ ಸುದ್ದೀನೂ ಕಾಣುತ್ತೆ, ಬಾಯಲ್ಲಿ ಹೇಳಿದ್ರೆ ಯಾಕೆ ಬದಲಾಯ್ತು ಅಂತ ಕೇಳ್ತೀರಿ. ಒಂದಕ್ಷರಾನೂ ನಿಮ್ಮ ಕಿವಿಗೆ ಬೀಳಿಸಲ್ಲ ಅಂತ ನಿಮ್ಮ ಮನೆಯವರಿಗೆ ಮಾತು ಕೊಟ್ಟಿದ್ವಲ್ಲ! ಅವರು ಓದಿರ್ತಾರೆ, ಸರಿಯಾದ ಕಡೆ ಕಳಿಸ್ತಾರೆ ಅಂದ್ಕೊಂಡ್ವಿ."

ಸಾಹೇಬರು ಮೆಟ್ಟಿಲ ಮೇಲೆ ಕುಸಿದು ಕೂತರು. ಕೈಯಲ್ಲಿದ್ದ ಸರ್ಟಿಫಿಕೇಟು ಗಾಳಿಗೆ ಪಟಪಟ ಎನ್ನುತ್ತಿತ್ತು. ಆಗಲೇ ಒಂದು ಸ್ಕೂಟರು ಬಂದು ನಿಂತಿತು. ಇಳಿದವನು ಪತ್ರಿಕೆಯ ವರದಿಗಾರ. ಕೆಟ್ಟ ಯಂತ್ರದ ಫೋಟೋ ತೆಗೆಯಲು ಬಂದವನು ಸಾಹೇಬರ ಕೈ ನೋಡಿದ, ತಾರೀಖು ನೋಡಿದ, ಮುದ್ರೆ ನೋಡಿದ.

"ಇವತ್ತು ತಗೊಂಡಿದ್ದಾ? ಇಡೀ ಊರಿಗೇ ಗೊತ್ತಾದ ಮೇಲೆ ಇಲ್ಲಿಗೇ ಬಂದು ಪಾಸಾಗಿದೀರಾ?" ಅವನ ಕಣ್ಣು ಅಗಲವಾಯಿತು. "ಇಷ್ಟು ಧೈರ್ಯದ ಮೋಸ ನಾನು ಕಂಡೇ ಇಲ್ಲ ಸ್ವಾಮಿ. ಯಂತ್ರದ ಫೋಟೋ ಯಾರಿಗೆ ಬೇಕು? ಸರ್ಟಿಫಿಕೇಟನ್ನ ಎದೆ ಹತ್ರ ಹಿಡ್ಕೊಳ್ಳಿ."

"ಮೋಸ ಅಲ್ಲಪ್ಪಾ, ನಾನು ಪೇಪರ್ ಓದಿರಲಿಲ್ಲ..."

"ಬಸ್ ಡ್ರೈವರು, ಪೇಪರ್ ಓದೋ ಅಭ್ಯಾಸ ಇಲ್ಲವಂತೆ," ಎಂದು ವರದಿಗಾರ ಬರೆದುಕೊಂಡ. ಕ್ಯಾಮೆರಾ ಮಿಂಚಿತು.

ಸ್ಕೂಟರು ಹೊರಟುಹೋದ ಮೇಲೆ ಕಂಡಕ್ಟರಮ್ಮ ಮೆಲ್ಲಗೆ ಪಕ್ಕದಲ್ಲಿ ಕೂತಳು. "ದೊಡ್ಡಾಸ್ಪತ್ರೆಯವರ ಕೈಕಾಲು ಹಿಡಿದು ನಿಮಗೆ ಇನ್ನೊಂದೇ ಒಂದು ಅವಕಾಶ ಕೊಡಿಸಿದೀನಿ ಸಾಹೇಬ್ರೇ. ಅಲ್ಲಿ ಯಂತ್ರ ಹೊಸದು, ಭಾರೀ ನಿಖರ ಅಂತೆ."

"ಯಾವತ್ತು?"

"ನಾಳೆ ಬೆಳಿಗ್ಗೆ ಆರೂವರೆಗೆ. ಊರೆಲ್ಲ ಪೇಪರ್ ಓದೋ ಹೊತ್ತಿಗೆ."