ಬೇಲಿಯಾಚೆ ಹೋದ ಸ್ಟೀಲ್ ಡಬ್ಬಿ

ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದು ಎಂಬ ನಿಯಮವನ್ನು ಮೊದಲು ಮಾಡಿದವರು ಯಾರೋ ನನಗೆ ತಿಳಿಯದು. ಅವರ ಪಕ್ಕದ ಮನೆಯಲ್ಲಿ ಕಾರ್ಮೆನ್ ಆಂಟಿ ಇರಲಿಲ್ಲ ಎಂಬುದನ್ನು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ. ಮೈಸೂರಿನ ನಮ್ಮ ಮನೆಯಲ್ಲಿ ಈ ನಿಯಮಕ್ಕೆ ವಿನಾಯಿತಿಯೇ ಇರಲಿಲ್ಲ. ಕೊಡಲು ಏನೂ ಇಲ್ಲದ ದಿನ ನಮ್ಮಮ್ಮ ಎದುರು ಮನೆಯವರ ಬಟ್ಟಲಿಗೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದರು. ಆ ಸಕ್ಕರೆ ರಸ್ತೆ ದಾಟುವಷ್ಟರಲ್ಲಿ ಗಾಳಿಗೆ ಹಾರಿಹೋದರೂ ಚಿಂತೆಯಿಲ್ಲ, ನಮ್ಮ ಹೊಸಿಲು ದಾಟುವಾಗ ಬಟ್ಟಲು ಖಾಲಿಯಿರಲಿಲ್ಲ, ಅಷ್ಟು ಸಾಕು. ಈ ನಿಯಮ ಪಾಸ್‌ಪೋರ್ಟು ವೀಸಾ ಏನೂ ಇಲ್ಲದೆ ನಮ್ಮ ಜೊತೆಗೇ ಸಿಡ್ನಿಗೆ ಬಂದಿಳಿದಿದೆ ಎಂಬುದು ನನಗೆ ಈ ಮಾರ್ಚ್ ತಿಂಗಳಿನವರೆಗೂ ಅರಿವಾಗಿರಲಿಲ್ಲ. ಆದದ್ದನ್ನು ಆದ ಹಾಗೆ, ನಾನು ಕಣ್ಣಾರೆ ಕಂಡಷ್ಟನ್ನೇ ಇಲ್ಲಿ ಹೇಳುತ್ತೇನೆ. ಗಾಬರಿ ಇನ್ನೂ ಪೂರ್ತಿ ಇಳಿದಿಲ್ಲವಾದ್ದರಿಂದ ನಿಧಾನವಾಗಿ ಹೇಳುತ್ತೇನೆ.

ನಮ್ಮ ಮನೆ ಇರುವುದು ಪೆಂಡಲ್ ಹಿಲ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ. ನಾನು ದಿನವೂ ಚಾಟ್ಸ್‌ವುಡ್‌ನ ಆಫೀಸಿಗೆ ಹೋಗಿ, ಅಲ್ಲಿ ಮಾಡಿದ ಕೆಲಸ ಸರಿಯಿತ್ತೇ ಎಂದು ರೈಲಿನಲ್ಲಿ ಯೋಚಿಸುತ್ತಾ ಮರಳಿ ಬರುವವನು. ಕಾರ್ಮೆನ್ ಆಂಟಿ ಪಕ್ಕದ ಮನೆಯವರು. ಮಾಲ್ಟಾ ಎಂಬ ಪುಟ್ಟ ದ್ವೀಪದಿಂದ ಎಳೆಯ ವಯಸ್ಸಿನಲ್ಲೇ ಬಂದು ಇಲ್ಲೇ ಬೇರು ಬಿಟ್ಟವರು. ನಮ್ಮಿಬ್ಬರ ಹಿತ್ತಲುಗಳ ನಡುವೆ ಇರುವುದು ಮರದ ಹಲಗೆಯ ಬೇಲಿಯೊಂದೇ. ಬೇಲಿಯ ಈ ಕಡೆ ನಮ್ಮ ಸೋರೆಬಳ್ಳಿ, ಆ ಕಡೆ ಅವರ ಅಂಜೂರದ ಮರ. ಮಾರ್ಚ್ ಬಂತೆಂದರೆ ಇಲ್ಲಿ ಬಿಸಿಲಿನ ಸಿಟ್ಟು ಇಳಿಯುತ್ತದೆ. ಬೆಳಗ್ಗೆ ಹುಲ್ಲಿನ ಮೇಲೆ ಕಾಲಿಟ್ಟರೆ ಅಂಗಾಲು ತಣ್ಣಗಾಗುತ್ತದೆ, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಬೇಕು ಅನ್ನಿಸುತ್ತದೆ. ಪಂಚಾಂಗ ನೋಡಿದರೆ ಯುಗಾದಿ, ವಸಂತ, ಚಿಗುರು. ಕಿಟಕಿಯಾಚೆ ನೋಡಿದರೆ ರಸ್ತೆಯ ಮರಗಳು ಎಲೆ ಉದುರಿಸಲು ಶುರುಮಾಡಿರುತ್ತವೆ. ಯಾರನ್ನು ನಂಬುವುದೆಂದು ತಿಳಿಯದೆ ನಾನು ಸ್ವೆಟರನ್ನೂ ಟೀ ಶರ್ಟನ್ನೂ ಒಟ್ಟಿಗೇ ಹೊರಗಿಟ್ಟುಕೊಂಡಿರುತ್ತೇನೆ.

ಇಂಥದೊಂದು ಬೆಳಗ್ಗೆ ಬೇಲಿಯ ಮೇಲಿಂದ ಒಂದು ಕೈ ಬಂತು. ಕೈಯಲ್ಲಿ ಹಳೆಯ ಐಸ್‌ಕ್ರೀಂ ಡಬ್ಬಿ, ಅದರ ತುಂಬ ಮಾಗಿ ಬಿರಿದ ಅಂಜೂರ. "ರಾಗೂ, ಹಕ್ಕಿಗಳು ತಿನ್ನೋ ಮುಂಚೆ ನೀವು ತಿನ್ನಿ, ಲವ್" ಎಂದರು ಕಾರ್ಮೆನ್ ಆಂಟಿ. ನನ್ನ ಹೆಸರು ರಘು. ಅವರ ಇಂಗ್ಲಿಷನ್ನು ನಾನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, 'ಲವ್' ಎಂಬುದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಕನ್ನಡಕ್ಕೆ ತಂದರೆ ವಿದ್ಯಾ, ಅಂದರೆ ನನ್ನ ಹೆಂಡತಿ, ಏನಾದರೂ ಕೇಳಿಯಾಳು.

ಅಂಜೂರ ಅಂದೇ ಮುಗಿಯಿತು. ಡಬ್ಬಿಯನ್ನು ತೊಳೆಯುವಾಗ ನಾನು ಅದಕ್ಕೆ ಕುದಿಯುವ ನೀರು ಹಾಕಿದೆ. ಅದು ಸೊಟ್ಟಗಾಗಿ, ಒಂದು ಕಡೆ ಸೀಳಿಯೇ ಬಿಟ್ಟಿತು. ಮನೆಯಲ್ಲಿ ಆಗಷ್ಟೇ ಕರಿದ ಕೋಡುಬಳೆಯಿತ್ತು. ಇದ್ದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಯಾವುದಕ್ಕೂ ಅದರದೇ ಮುಚ್ಚಳ ಸಿಗಲಿಲ್ಲ. (ಈ ಮುಚ್ಚಳಗಳು ಎಲ್ಲಿಗೆ ಹೋಗುತ್ತವೆ ಎಂಬುದರ ಬಗ್ಗೆ ಬೇರೆಯೇ ಬರೆಯಬಹುದು.) ಮೇಲಿನ ಷೆಲ್ಫಿನಲ್ಲಿ ಫಳಫಳ ಹೊಳೆಯುತ್ತಾ, ಬಿಗಿಯಾದ ಮುಚ್ಚಳದೊಂದಿಗೆ ಒಂದು ಸ್ಟೀಲ್ ಡಬ್ಬಿ ಕೂತಿತ್ತು. ಅದಕ್ಕೆ ಕೋಡುಬಳೆ ತುಂಬಿ, ಬೇಲಿಯಾಚೆ ಕೊಟ್ಟು, ಒಳ್ಳೆಯ ನೆರೆಯವನೆಂಬ ತೃಪ್ತಿಯಿಂದ ಮಲಗಿದೆ.

ಮರುದಿನ ವಿದ್ಯಾ ಷೆಲ್ಫಿನ ಮುಂದೆ ನಿಂತು, "ರೀ, ಅಮ್ಮನ ಡಬ್ಬಿ ಎಲ್ಲಿ?" ಎಂದಳು.

ಆಗ ನನಗೆ ತಿಳಿದ ಸಂಗತಿಗಳು ಇವು. ಆ ಡಬ್ಬಿ ನಮ್ಮತ್ತೆಗೆ ಅವರ ಮದುವೆಯಲ್ಲಿ ಸೋದರತ್ತೆ ಕೊಟ್ಟದ್ದು. ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ 'ಸೌ. ಜಯಲಕ್ಷ್ಮಿ' ಎಂದು ಹೆಸರು ಕೊರೆಸಿದೆ. ಹೋದ ಸಲ ಅದರಲ್ಲಿ ಚಟ್ನಿಪುಡಿ ತುಂಬಿ ಕಳಿಸಿದ್ದರೇ ಹೊರತು ಡಬ್ಬಿಯನ್ನು ಕೊಟ್ಟಿರಲಿಲ್ಲ. ಮತ್ತು ಅತ್ತೆ ಯುಗಾದಿಗೆ ಸಿಡ್ನಿಗೆ ಬರುತ್ತಿದ್ದರು. ಫೋನಿನಲ್ಲಿ ಅವರು ಮೊಮ್ಮಗಳು ಅದಿತಿಯ ಆರೋಗ್ಯ ಕೇಳಿದ ಮೇಲೆ ಕೇಳಿದ್ದೇ ಡಬ್ಬಿಯ ಆರೋಗ್ಯವನ್ನಂತೆ.

"ಅಮ್ಮ ಬರೋಷ್ಟರಲ್ಲಿ ಅದು ಇಲ್ಲಿರಬೇಕು. ಇಲ್ದಿದ್ರೆ ನೀವೇ ಉತ್ರ ಹೇಳ್ಕೊಳಿ" ಎಂದಳು ವಿದ್ಯಾ.

ಅದಿತಿ ಟೋಸ್ಟಿನಿಂದ ತಲೆಯೆತ್ತದೆ, "ಅಪ್ಪ, ಜಸ್ಟ್ ಆಸ್ಕ್ ಹರ್" ಎಂದಳು. ಮಕ್ಕಳಿಗೆ ಎಲ್ಲವೂ ಸುಲಭ. ಕೊಟ್ಟ ತಿಂಡಿಯ ಪಾತ್ರೆಯನ್ನು ಬಾಯಿಬಿಟ್ಟು ಕೇಳುವುದೆಂದರೆ ತಿಂಡಿಯನ್ನೇ ವಾಪಸ್ ಕೇಳಿದ ಹಾಗೆ ಎಂದು ಅವಳಿಗೆ ಹೇಗೆ ತಿಳಿಸುವುದು? ತಾನಾಗಿಯೇ ಬರುತ್ತದೆ ಎಂದು ಕಾದೆ.

ಬಂತು, ಡಬ್ಬಿಯಲ್ಲ. ಬೇಲಿಯ ಮೇಲಿಂದ ಅಂಜೂರದ ಜ್ಯಾಮ್ ಬಂತು, ಉಪ್ಪುನೀರಿನಲ್ಲಿ ಹಾಕಿದ ಆಲಿವ್ ಬಂತು, ಹೋದ ವರ್ಷದ ಟೊಮೆಟೊ ಸಾಸ್ ಬಂತು. ಎಲ್ಲವೂ ದಪ್ಪ ಗಾಜಿನ ಜಾಡಿಗಳಲ್ಲಿ, ತಿರುಗಿಸಿದರೆ ಟಪ್ ಎಂದು ಸದ್ದು ಮಾಡುವ ಮುಚ್ಚಳಗಳೊಂದಿಗೆ. ಅಷ್ಟು ಒಳ್ಳೆಯ ಜಾಡಿಗಳನ್ನು ನಾವು ನೋಡಿಯೇ ಇರಲಿಲ್ಲ. ವಿದ್ಯಾ ಒಂದಕ್ಕೆ ಸಾರಿನ ಪುಡಿ ಹಾಕಿದಳು, ಇನ್ನೊಂದಕ್ಕೆ ಹುಣಿಸೆಹಣ್ಣು. ಬದಲಿಗೆ ನಾವು ಚಿತ್ರಾನ್ನ, ಸೋರೆಕಾಯಿ ಹಲ್ವ, ನಿಂಬೆಕಾಯಿ ಉಪ್ಪಿನಕಾಯಿ ಎಲ್ಲವನ್ನೂ ಕಳಿಸಿದೆವು, ಸ್ಟೇಷನ್ ಹತ್ತಿರದ ಹೋಟೆಲಿನಿಂದ ಬಿರಿಯಾನಿ ತಂದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ. "ಖಾಲಿ ಕಳಿಸಬಾರ್ದು ಅಂತ ಇದೆ, ಅದೇ ಪಾತ್ರೇಲಿ ಕಳಿಸ್ಬೇಕು ಅಂತ ಎಲ್ಲಿದೆ?" ಎಂದು ವಿದ್ಯಾ ಕೇಳಿದಾಗ ನನಗೂ ಅದು ನ್ಯಾಯವೆನಿಸಿತು.

ಮೆಲ್ಬರ್ನಿನಲ್ಲಿರುವ ಗೆಳೆಯ ಸತೀಶನಿಗೆ ಫೋನ್ ಮಾಡಿದೆ. ಅವನು ಕ್ಲೈಡ್ ನಾರ್ತಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ಅವನ ಹಿತ್ತಲಿನ ಮರಗಳು ಇನ್ನೂ ಮೊಣಕಾಲಿನ ಎತ್ತರ, ಆದರೆ ನಿಜವಾದ ಶರತ್ಕಾಲ ನೋಡಬೇಕೆಂದರೆ ಮೆಲ್ಬರ್ನಿಗೇ ಬರಬೇಕೆಂದು ಪ್ರತಿವರ್ಷ ವಾದಿಸುತ್ತಾನೆ. "ನಿಮ್ದೆಲ್ಲ ಏನು ಆಟಮ್ ಗುರು, ಇಲ್ಲಿ ಆಗ್ಲೇ ಹೀಟರ್ ಹಾಕಿದೀವಿ" ಎಂದು ಹೆಮ್ಮೆಯಿಂದ ಸೀನಿದ. ನನ್ನ ಕಷ್ಟ ಕೇಳಿ, "ಸಿಂಪಲ್ಲು. ನೀನೊಂದ್ಸಲ ಅವ್ರ ಪಾತ್ರೇನ ಖಾಲಿ ಕೊಟ್ಬಿಡು. ಅವ್ರಿಗೂ ಧೈರ್ಯ ಬರುತ್ತೆ, ನಿನ್ ಡಬ್ಬೀನೂ ಖಾಲಿ ಕೊಡ್ತಾರೆ" ಎಂದ.

"ನೀನು ಕೊಟ್ಟಿದೀಯಾ ಯಾವತ್ತಾದ್ರೂ?"

"ಏಯ್, ನಮ್ಮಮ್ಮಂಗೆ ಗೊತ್ತಾದ್ರೆ ಅಷ್ಟೇ!" ಎಂದು ಫೋನಿಟ್ಟ.

ಆ ಭಾನುವಾರ ಬೆಟ್ಟದ ಕಡೆಯ ಸೇಬಿನ ತೋಟಕ್ಕೆ ಹೋದೆವು. ಇಲ್ಲಿ ಶರತ್ಕಾಲದ ಆರಂಭದಲ್ಲಿ ಎಲ್ಲರೂ ಹೋಗುತ್ತಾರೆ. ನಾವೇ ಮರದಿಂದ ಕಿತ್ತು, ನಾವೇ ಹೊತ್ತು ತಂದು, ನಾವೇ ದುಡ್ಡು ಕೊಟ್ಟು ಬರುವ ತೋಟ. ಮನೆಯಲ್ಲಿ ಕರಿಬೇವಿನ ಗಿಡದಿಂದ ಒಂದು ಎಸಳು ತರಲು ಮೂರು ಸಲ ಹೇಳಿಸಿಕೊಳ್ಳುವ ನಾನು ಅಲ್ಲಿ ಏಣಿ ಹತ್ತಿ ಸೇಬು ಕಿತ್ತೆ. ಬಿಸಿಲು ಜೇನಿನ ಬಣ್ಣಕ್ಕಿತ್ತು. ಹುಲ್ಲಿನಲ್ಲಿ ಬಿದ್ದ ಹಣ್ಣುಗಳ ಹುಳಿವಾಸನೆ. ಅಂಥ ಗಾಳಿಯಲ್ಲಿ ಡಬ್ಬಿಯ ಯೋಚನೆಯೂ ಸ್ವಲ್ಪ ಹೊತ್ತು ಮರೆತುಹೋಯಿತು. ಹೊರಡುವ ದಾರಿಯಲ್ಲಿ ಒಂದು ಬುಟ್ಟಿಯಲ್ಲಿ ಹಳದಿ ಬಣ್ಣದ, ಮೈಮೇಲೆ ನವಿರಾದ ತುಪ್ಪಳವಿದ್ದ ದೊಡ್ಡ ಹಣ್ಣುಗಳಿದ್ದವು. ಪರಿಮಳವೆಂದರೆ ಅದೇ. "ಸೀಬೆಹಣ್ಣು! ಎಷ್ಟು ದೊಡ್ಡದು!" ಎಂದು ನಾನು ಒಂದು ಚೀಲ ಕೊಂಡು, ಕಾರಿನಲ್ಲಿ ಕೂತು ಕಚ್ಚಿದೆ. ಮೊದಲು ಹಲ್ಲು ಒಳಗೆ ಹೋಗಲಿಲ್ಲ. ಹೋದ ಮೇಲೆ ಬಾಯಿಯೆಲ್ಲ ಒಗರಾಗಿ, ನಾಲಗೆಗೆ ಗೋಣಿಚೀಲ ಹೊದಿಸಿದ ಹಾಗಾಯಿತು. ಅದಿತಿ ಫೋನಿನಲ್ಲಿ ಹುಡುಕಿ ಅದರ ಹೆಸರು ಕ್ವಿನ್ಸ್ ಎಂದೂ, ಬೇಯಿಸದೆ ಯಾರೂ ತಿನ್ನುವುದಿಲ್ಲ ಎಂದೂ ತಿಳಿಸಿ, "ನೋಬಡಿ, ಅಪ್ಪ" ಎಂದು ಇನ್ನೊಮ್ಮೆ ಹೇಳಿದಳು.

ತಿನ್ನಲಾಗದ ಹಣ್ಣನ್ನು ಏನು ಮಾಡಬೇಕೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂದೇ ಸಂಜೆ ಚೀಲ ಹಿಡಿದು ಕಾರ್ಮೆನ್ ಆಂಟಿಯ ಬಾಗಿಲು ತಟ್ಟಿದೆ. ಕೊಡುವುದು, ಮಾತಿನ ನಡುವೆ ಡಬ್ಬಿಯನ್ನು ನೆನಪಿಸುವುದು, ಇದು ನನ್ನ ಯೋಜನೆ. ಅವರು ಚೀಲದೊಳಗೆ ಮುಖವಿಟ್ಟು ಉಸಿರೆಳೆದುಕೊಂಡು ನನ್ನ ತೋಳು ಹಿಡಿದುಕೊಂಡರು. "ಕ್ವಿನ್ಸ್! ನನ್ನ ಮರದ್ದೆಲ್ಲ ಈ ಸಲ ಆ ಹಾಳು ಬಿಳಿ ಕಾಕಟೂ ಗಿಳಿಗಳು ಹಾಳುಮಾಡಿದ್ವು. ನಿನಗೆ ಹೇಗೆ ಗೊತ್ತಾಯ್ತು, ಲವ್?" ಎಂದರು. ನಾನು ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ. ಅವರ ಹಿಂದೆ, ಅಡುಗೆಮನೆಯ ಮೇಜಿನ ನಟ್ಟನಡುವೆ ನಮ್ಮತ್ತೆಯ ಡಬ್ಬಿ ಹೊಳೆಯುತ್ತಿತ್ತು. ನಾನದನ್ನು ಸ್ಪಷ್ಟವಾಗಿ ಕಂಡೆ. ನೆಲದ ಮೇಲೆ ಹಳೆಯ ಪೇಪರ್ ಹಾಸಿ ರಾಶಿ ಟೊಮೆಟೊ ಹರಡಿದ್ದನ್ನೂ ಕಂಡೆ. ಕೆಲವು ಆಗಲೇ ಮೆತ್ತಗಾಗಿದ್ದವು.

"ಆಂಟಿ, ಆ..." ಎಂದೆ. ಕಣ್ಣು ಡಬ್ಬಿಯಿಂದ ನೆಲಕ್ಕಿಳಿಯಿತು. "ಆ ಟೊಮೆಟೊ ಚೆನ್ನಾಗಿವೆ."

"ಹೌದು, ಸಾಸ್ ಮಾಡ್ಬೇಕು. ಆದ್ರೆ..." ಎಂದು ಅವರೂ ನನ್ನ ಮುಖ ನೋಡಿ ನಿಲ್ಲಿಸಿದರು. "ಸಂಜೆ ತಣ್ಣಗಾಗ್ತಿದೆ, ಅಲ್ವಾ?" ಎಂದರು. ತಣ್ಣಗಾಗುತ್ತಿದೆ ಎಂದು ನಾನು ಒಪ್ಪಿ ಬರಿಗೈಯಲ್ಲಿ ಮರಳಿದೆ.

ಅತ್ತೆ ಶನಿವಾರ ಬೆಳಗ್ಗೆ ಬಂದಿಳಿದರು. ಸೂಟ್‌ಕೇಸ್ ಬಿಚ್ಚುವ ಮುನ್ನವೇ ಅಡುಗೆಮನೆಗೆ ಬಂದು ಷೆಲ್ಫನ್ನು ಎಡದಿಂದ ಬಲಕ್ಕೆ ನೋಡಿದರು. "ಪುಟ್ಟೀ, ನನ್ ಡಬ್ಬಿ ಕಾಣಿಸ್ತಿಲ್ವಲ್ಲೇ?" ವಿದ್ಯಾ ನನ್ನನ್ನು ನೋಡಿದಳು. ನಾನು ಗಂಟಲು ಸರಿಮಾಡಿಕೊಂಡೆ. ಆಗ ಕಾಲಿಂಗ್ ಬೆಲ್ ಹೊಡೆಯಿತು.

ಬಾಗಿಲಲ್ಲಿ ಕಾರ್ಮೆನ್ ಆಂಟಿ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ನಿಂತಿದ್ದರು. "ಕ್ಷಮಿಸು ರಾಗೂ, ತುಂಬಾ ದಿನ ಇಟ್ಕೊಂಡೆ. ಇಷ್ಟು ಚೆಂದದ ಡಬ್ಬೀನ ಖಾಲಿ ಹೇಗೆ ಕೊಡೋದು? ಕ್ವಿನ್ಸ್ ಪೇಸ್ಟ್ ತುಂಬಿ ಕೊಡೋಣ ಅಂದ್ಕೊಂಡಿದ್ದೆ. ಹಣ್ಣೇ ಇರ್ಲಿಲ್ಲ. ನೀನು ತಂದುಕೊಟ್ಟೆ" ಎಂದರು. ಮುಚ್ಚಳ ತೆಗೆದರೆ ಒಳಗೆ ಆ ಹಳದಿ ಹಣ್ಣು ಬೆಂದು ಕೆಂಪಾದ ಗಟ್ಟಿ ಹಲ್ವ, ಹೊಳೆಯುತ್ತಿತ್ತು. ಅದಿತಿ ಈ ಮಾತನ್ನೆಲ್ಲ ಅಜ್ಜಿಗೆ ತನ್ನ ಅರೆಬರೆ ಕನ್ನಡದಲ್ಲಿ ದಾಟಿಸಿದಳು. ಅತ್ತೆ ಒಂದು ಚೂರು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, "ನೋಡಿ ಅಳಿಯಂದ್ರೇ, ಸಂಸ್ಕಾರ ಅಂದ್ರೆ ಇದು" ಎಂದರು. ನಾನು ಬದುಕಿದೆ ಅಂದುಕೊಂಡೆ.

ಬದುಕಿದ್ದು ಅತ್ತೆ ತಟ್ಟೆ ತರಲೆಂದು ಬೀರು ತೆರೆಯುವವರೆಗೆ ಮಾತ್ರ. ಒಳಗೆ ಸಾಲಾಗಿ ಗಾಜಿನ ಜಾಡಿಗಳು: ಸಾರಿನ ಪುಡಿ, ಹುಣಿಸೆಹಣ್ಣು, ಮೆಂತ್ಯ, ಒಣಮೆಣಸಿನಕಾಯಿ. ಕಾರ್ಮೆನ್ ಆಂಟಿ ಒಂದು ಹೆಜ್ಜೆ ಮುಂದೆ ಬಂದರು. "ಓ, ಇಲ್ಲಿವೆ!" ಎಂದರು, ಕಳೆದುಹೋದ ಮಕ್ಕಳು ಸಿಕ್ಕವರಂತೆ. ಆಮೇಲೆ ಮುಖ ಕೆಂಪಾಗಿ, "ತಪ್ಪು ತಿಳ್ಕೋಬೇಡ, ಲವ್. ಜಾಡಿ ಇಲ್ದೆ ಸಾಸ್ ನಿಂತುಹೋಗಿದೆ. ಟೊಮೆಟೊ ಇನ್ನು ತಡೆಯಲ್ಲ. ಕೇಳೋಕೆ ನಾಚಿಕೆ ಆಯ್ತು" ಎಂದರು.

ಅದಿತಿ ಇದನ್ನೂ ದಾಟಿಸಿದೊಡನೆ ಅತ್ತೆ ಮಗಳ ಕಡೆ ತಿರುಗಿದರು. "ಅವ್ರ ಜಾಡೀಲಿ ನಿನ್ ಮೆಂತ್ಯ ಯಾಕಿದ್ಯೇ?" ವಿದ್ಯಾ ನನ್ನನ್ನು ನೋಡಿದಳು. ಈ ಮನೆಯಲ್ಲಿ ಎಲ್ಲರೂ ಕಷ್ಟ ಬಂದಾಗ ನನ್ನನ್ನೇ ನೋಡುವುದು ಯಾಕೋ ತಿಳಿಯದು.

ಜಾಡಿಗಳನ್ನು ಬರಿದುಮಾಡಿ ತೊಳೆದು ಒರೆಸಿದ್ದಾಯಿತು. ನಮ್ಮ ಮಸಾಲೆಗಳೆಲ್ಲ ಪುನಃ ಮುಚ್ಚಳವಿಲ್ಲದ ಡಬ್ಬಿಗಳಿಗೆ ಇಳಿದವು. ಕಾರ್ಮೆನ್ ಆಂಟಿ ಕೈಚಾಚಿದಾಗ ಅತ್ತೆ ಅಡ್ಡ ನಿಂತರು. "ಖಾಲಿ ಕೊಡೋ ಹಾಗಿಲ್ಲ. ನಾಳೆ ಏನಾದ್ರೂ ಮಾಡಿ ತುಂಬಿ ಕೊಡ್ತೀನಿ ಅಂತ ಹೇಳೇ ಅದಿತಿ."

"ಶೀ ಸೇಸ್ ನೋ" ಎಂದಳು ಅದಿತಿ.

"ಆದ್ರೆ ನಂಗೆ ಬೇಕಿರೋದೇ ಖಾಲಿ!" ಎಂದರು ಕಾರ್ಮೆನ್ ಆಂಟಿ. ಇಬ್ಬರೂ ನನ್ನನ್ನು ನೋಡಿದರು. ಒಬ್ಬರಿಗೆ ಖಾಲಿ ಬೇಕು, ಇನ್ನೊಬ್ಬರಿಗೆ ಖಾಲಿ ಕೂಡದು, ನೆಲದ ಮೇಲೆ ಟೊಮೆಟೊ ಕೊಳೆಯುತ್ತಿದೆ. ನನಗೆ ನಮ್ಮಮ್ಮನ ನೆನಪಾಯಿತು. ಸಕ್ಕರೆ ಡಬ್ಬಿ ತೆಗೆದು ಪ್ರತಿ ಜಾಡಿಗೂ ಒಂದೊಂದು ಚಿಟಿಕೆ ಹಾಕಿದೆ. ಅತ್ತೆ ಬಗ್ಗಿ ನೋಡಿ, "ಹ್ಞೂ, ಈಗ ಸರಿ" ಎಂದು ದಾರಿ ಬಿಟ್ಟರು. ಕಾರ್ಮೆನ್ ಆಂಟಿಯೂ ನೋಡಿದರು. ಸಾಸಿಗೆ ಸ್ವಲ್ಪ ಸಕ್ಕರೆ ಹೇಗೂ ಬೇಕಂತೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅತ್ತೆ ನನ್ನನ್ನು ಮೆಚ್ಚುಗೆಯಿಂದ ನೋಡಿದ್ದು ಅಂದೇ ಮೊದಲು. ವಿದ್ಯಾಳಿಗೆ ಸಾಕ್ಷಿಯಾಗಿರು ಎಂದು ಕಣ್ಣಲ್ಲೇ ಹೇಳಿದೆ.

ಮರುವಾರ ಹೊಸ ಸಾಸಿನ ಒಂದು ಜಾಡಿ ಬೇಲಿಯ ಮೇಲಿಂದ ಬಂತು. ಬೆಳಗಿನ ಚಳಿಯಲ್ಲಿ ಬಿಸಿ ದೋಸೆಗೆ ಹಚ್ಚಿಕೊಂಡರೆ ಅದರ ರುಚಿಯೇ ಬೇರೆ. ನಾನು ಮಾತ್ರ ಚಮಚದ ತುದಿಯಲ್ಲಿ ಒಂದಿಷ್ಟೇ ಹಾಕಿಕೊಳ್ಳುತ್ತೇನೆ. "ಯಾಕ್ರೀ, ಚೆನ್ನಾಗಿಲ್ವಾ?" ಎಂದು ವಿದ್ಯಾ ಕೇಳುತ್ತಾಳೆ. ಚೆನ್ನಾಗಿದೆ. ಆದರೆ ಜಾಡಿಯಲ್ಲಿ ಸಾಸ್ ಇರುವವರೆಗೆ ಅದು ಖಾಲಿಯಲ್ಲ, ಖಾಲಿಯಲ್ಲದ್ದನ್ನು ತುಂಬಿ ಕೊಡಬೇಕಿಲ್ಲ. ಇಷ್ಟು ಬುದ್ಧಿ ನನಗೆ ಬಂದಿದೆ ಎಂದುಕೊಂಡು ನಿನ್ನೆ ಹಿತ್ತಲಲ್ಲಿ ಒಣಗಿದ ಸೋರೆಬಳ್ಳಿ ಕೀಳುತ್ತಿದ್ದೆ. ಬೇಲಿಯಾಚೆಯಿಂದ ದನಿ ಬಂತು.

"ರಾಗೂ, ಸಾಸ್ ಮುಗೀತಾ?"

"ಇನ್ನೂ ಇದೆ ಆಂಟಿ, ತುಂಬಾ ಇದೆ!"

"ಪರವಾಗಿಲ್ಲ, ಲವ್. ಇದನ್ನ ಬೇರೆ ಜಾಡೀಲೇ ತಂದಿದೀನಿ" ಎಂದರು. ಹಲಗೆಯ ಮೇಲಿಂದ ಆ ಕೈ ಮತ್ತೆ ಮೂಡಿತು.