ಕರುವಿಗೆ ಕೊಟ್ಟ ಇಟ್ಟಿಗೆ

ಜುಲೈ ಹದಿನಾರು. ಬೆಳಗಿನಿಂದ ಜಿಟಿಜಿಟಿ ಮಳೆ, ಗೋಕಾಕಿನಲ್ಲಿ ಕರೆಂಟಿಲ್ಲ. ಚಹಾ ಸೋಸುತ್ತಿದ್ದ ಹೆಂಡತಿಗೆ ಹುಕ್ಕೇರಿ ತಾಲೂಕಿನ ಘೋಡಗೇರಿಯ ಒಂದು ಕರುವಿನ ಕತೆ ಹೇಳಿದೆ. ನನ್ನ ದನದ ಡಾಕ್ಟರ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಗು ತರಿಸುವುದು ಮಾತ್ರ ಯಾವಾಗಲೂ ದನವಲ್ಲ, ಹಗ್ಗದ ಇನ್ನೊಂದು ತುದಿ ಹಿಡಿದವರು.

ಗೋಡೆ

ಅದು ಅಲ್ಲಿನ ಒಬ್ಬ ರೈತರ ಸೊಸೆ ತವರಿನಿಂದ ತಂದ ಆಕಳ ಕರು. ಎಂಟು ತಿಂಗಳಾದರೂ ಮೈ ಹಿಡಿದಿರಲಿಲ್ಲ. ಮೇವು ಬಿಟ್ಟು ಕೊಟ್ಟಿಗೆಯ ಮಣ್ಣಿನ ಗೋಡೆ ನೆಕ್ಕುತ್ತಿತ್ತು.

"ಇನ್ನೊಂದು ತಿಂಗಳ ಬಿಟ್ರ ಗ್ವಾಡಿನ ಇರೂದಿಲ್ರಿ. ಮಾರಿಬಿಡ್ತೇನಿ," ಅಂದರು ಅವಳ ಮಾವ.

"ತವರಮನಿ ಕರಾ ಐತ್ರಿ ಅದು, ಸಾಹೇಬರ," ಸೊಸೆಯ ಕಣ್ಣು ತುಂಬಿತು.

ಬೆಳೆಯುವ ಕರುವಿಗೆ ಸುಣ್ಣದ ಅಂಶ, ರಂಜಕ, ಉಪ್ಪು ಸಾಲದಿದ್ದರೆ ಹೀಗೆ ನೆಕ್ಕುತ್ತದೆ ಎಂದು ವಿವರಿಸಿದೆ.

ಮಾವ ಗೋಡೆಯನ್ನು ಹೊಸದಾಗಿ ನೋಡಿದರು. "ಹಂಗಾರ ನಮ್ಮ ಗ್ವಾಡಿ ಭಾಳ ಪೌಷ್ಟಿಕ ಐತೇನ್ರಿ?"

ಪೂಜೆ

ನೆಕ್ಕಲು ಒಂದು ಖನಿಜದ ಇಟ್ಟಿಗೆ ಕೊಟ್ಟು, ಕರುವಿನ ಬಾಯಿಗೆ ಎಟುಕುವಂತೆ ಕಟ್ಟಿಸಿ ಬಂದೆ. ಕೆಲವು ವಾರ ಬಿಟ್ಟು ಹೋದರೆ ಇಟ್ಟಿಗೆ ಎತ್ತರದ ಗೂಡಿನಲ್ಲಿ ಕುಳಿತಿದೆ. ಮೇಲೆ ವಿಭೂತಿ, ಕುಂಕುಮ, ಒಂದು ದಾಸವಾಳ.

"ಅಮಾಸಿಗೆ ನೇಗಿಲಾ, ಕುಂಟಿ ಎಲ್ಲಾ ಪೂಜಿ ಮಾಡಿದ್ನಿ. ಇದಕ್ಕೂ ಮಾಡಿದ್ನಿ. ಪೂಜಿ ಆದದ್ದನ್ನ ಎಂಜಲ ಮಾಡಾಕ ಹ್ಯಾಂಗ್ ಬಿಡೂದ್ರಿ?" ಮಾವ ಕೇಳಿದರು.

ಕೆಳಗೆ ಕರು ಗೂಡಿನ ಕಡೆ ತಲೆ ಎತ್ತಿ ನಿಂತಿತ್ತು.

"ನೋಡ್ರಿ," ಅಂದರು ಮಾವ, "ಅದಕ್ಕೂ ಭಕ್ತಿ ಬಂದೈತಿ."

ಟವೆಲ್ಲು

ಕರು ಸುಧಾರಿಸಲಿಲ್ಲವೆಂದು ಮಾವ ಮೂಡಲಗಿಯ ದಲಾಲಿಗೆ ಹೇಳಿಕಳಿಸಿದ್ದರು. ನಾನಿದ್ದಾಗಲೇ ಅವನೂ ಬಂದ. ಸೊಸೆ ಅಳುಮುಖ ಮಾಡಿದಳು.

"ಐದು ಸಾವಿರಕ್ಕ ಒಂದ್ ರೂಪಾಯಿ ಕಡಿಮಿ ಅಂದ್ರೂ ಕೊಡೂದಿಲ್ಲವಾ, ಖರೇನ," ಎಂದು ಮಾವ ಅವಳಿಗೆ ಮಾತು ಕೊಟ್ಟರು.

ದಲಾಲಿ ಹೆಗಲ ಟವೆಲ್ಲನ್ನು ಇಬ್ಬರ ಕೈಗಳ ಮೇಲೆ ಹೊದಿಸಿದ. ಒಳಗೆ ಬೆರಳು ಹಿಡಿದು ಗುಟ್ಟಾಗಿ ದರ ಹೇಳುವುದು ದನದ ವ್ಯಾಪಾರದ ರೂಢಿ, ಬೆರಳಿಗೊಂದು ಸಾವಿರ. ಇಬ್ಬರೂ ಆಕಾಶ ನೋಡುತ್ತ, ಮಳೆಯ ಮಾತಾಡುತ್ತ ಬೆರಳು ಹಿಚುಕಿದರು. ಕೊನೆಗೆ ಮಾವ "ಹೂಂ" ಅಂದರು.

ಅಷ್ಟರಲ್ಲಿ ಇಟ್ಟಿಗೆ ಸಿಗದ ಕರು, ಬೆವರಿನ ಉಪ್ಪಿನ ಆಸೆಗೆ, ಟವೆಲ್ಲನ್ನೇ ಎಳೆದು ಬಾಯಿಗೆ ತುಂಬಿಕೊಂಡಿತು. ದಲಾಲಿಯ ಮುಷ್ಟಿಯಲ್ಲಿ ಮಾವನ ಎರಡೇ ಬೆರಳು.

"ಮಾವಾರ," ಸೊಸೆ ಕೇಳಿದಳು, "ಉಳಿದ ಮೂರು ಎಲ್ಲಿ ಹೋದ್ವು?"

ಮಾವ ಕೈ ಹಿಂದಕ್ಕೆಳೆದುಕೊಂಡು, ಗೂಡಿನಿಂದ ಇಟ್ಟಿಗೆ ಇಳಿಸಿದರು. ನಾನು ಕರುವಿನ ಬಾಯಿಂದ ಟವೆಲ್ಲು ಎಳೆದು ತೆಗೆದೆ. ಅದು ಮತ್ತೆ ಹೆಗಲಿಗೇರುವಂತಿರಲಿಲ್ಲ.

ಹೆಂಡತಿ ಚಹಾ ಕೊಡುತ್ತ ಕೇಳಿದಳು: "ಕಡೀಕ ದಲಾಲಿ ಎಷ್ಟು ಕೊಟ್ಟಾರಿ?"

"ಅವ ಏನೂ ಕೊಡಲಿಲ್ಲ. ಸೊಸಿನ ಅವಗ ನೂರಾ ಇಪ್ಪತ್ತು ರೂಪಾಯಿ ಕೊಟ್ಲು, ಟವೆಲ್ಲಿಗೆ. ಚೌಕಾಸಿನೂ ಮಾಡಲಿಲ್ಲ."